ಸೈಬೀರಿಯಾ ರೈಲಿನಲ್ಲಿ ಊಟದ ಚಿಂತೆ

ಪ್ರಶ್ನೆ: ಮಾಸ್ಕೋದಿಂದ ವ್ಲಾಡಿವೊಸ್ಟಾಕ್‌ಗೆ ಟ್ರಾನ್ಸ್-ಸೈಬೀರಿಯನ್ ರೈಲಿನಲ್ಲಿ ಹೊರಟಿದ್ದೇವೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ಆಗದು. ಅಷ್ಟು ದಿನ ಊಟಕ್ಕೇನು ಮಾಡುವುದು? ಎಲೆಕ್ಟ್ರಿಕ್ ಕೆಟಲ್ ಒಯ್ಯಲೇ?
– ಓದುಗರು, ಶಿವಮೊಗ್ಗ

ಉತ್ತರ: ಕೆಟಲ್ ಬೇಡ. ಬೋಗಿಯ ಪ್ಲಗ್ ಫೋನ್ ಚಾರ್ಜ್ ಮಾಡುವುದಕ್ಕಷ್ಟೇ. ಪ್ರತಿ ಬೋಗಿಯ ಒಂದು ತುದಿಯಲ್ಲಿ ಹಗಲಿರುಳೂ ಬಿಸಿನೀರು ಕೊಡುವ ದೊಡ್ಡ ಬಾಯ್ಲರ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. 9,289 ಕಿ.ಮೀ. ದಾರಿಗೆ ಅದೇ ನಿಮ್ಮ ಅಡುಗೆಮನೆ. ಬೆಳಗಿನ ಹೊತ್ತು ಎಲ್ಲರೂ ಹಿಡಿದುಕೊಂಡ ಮೇಲೆ ನೀರು ಉಗುರುಬೆಚ್ಚಗಾಗುತ್ತದೆ. ಮತ್ತೆ ಕಾಯುವ ತನಕ ತಡೆಯಿರಿ, ಇಲ್ಲದಿದ್ದರೆ ಏನೂ ಬೇಯದು.

ಉಪ್ಪಿಟ್ಟಿಗೆ ಸಣ್ಣ ರವೆಯೇ ಆಗಬೇಕು. ದಪ್ಪ ರವೆಗೆ ಒಲೆಯ ಮೇಲಿನ ಕುದಿ ಬೇಕು, ಇಲ್ಲಿ ಅದರ ನಡು ಹಸಿಯಾಗಿಯೇ ಉಳಿಯುತ್ತದೆ. ಮನೆಯಲ್ಲೇ ಘಮ್ಮೆನ್ನುವಂತೆ ಹುರಿದು, ಒಗ್ಗರಣೆ ಬೆರೆಸಿ, ಪೂರ್ತಿ ಆರಿದ ಮೇಲೆ ಪೊಟ್ಟಣ ಕಟ್ಟಿ. ಕರಿಬೇವು, ಮೆಣಸಿನಕಾಯಿ ಗರಿಗರಿಯಾಗಿರಲಿ. ಚೂರು ತೇವ ಉಳಿದರೂ ಮುಗ್ಗಲು ವಾಸನೆ ಹಿಡಿಯುತ್ತದೆ. ರೈಲಿನಲ್ಲಿ ಅಗಲ ಬಾಯಿಯ ಫ್ಲಾಸ್ಕಿಗೆ ಮೊದಲು ಬಿಸಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಿ. ಆಮೇಲೆ ಒಂದು ಕಪ್ ರವೆಗೆ ಎರಡು ಕಪ್ ನೀರು, ಗಂಟಾಗದಂತೆ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ತಣ್ಣನೆಯ ಫ್ಲಾಸ್ಕಿಗೇ ಸುರಿದರೆ ನೀರಿನ ಕಾವು ಅಲ್ಲೇ ಇಳಿದುಹೋಗುತ್ತದೆ. ಗಟ್ಟಿ ಅವಲಕ್ಕಿಯೂ ಒಳ್ಳೆಯದೇ. ತೆಳು ಅವಲಕ್ಕಿ ಮಾತ್ರ ಬಿಸಿನೀರಿಗೆ ಮುದ್ದೆಯಾಗುತ್ತದೆ. ಚಟ್ನಿಪುಡಿ ಮರೆಯಬೇಡಿ.

ರೈಲಿನ ಹೋಟೆಲ್ ಬೋಗಿಯನ್ನೇ ನಂಬಿ ಹೊರಡಬೇಡಿ. ಅಲ್ಲಿ ಸಾಮಾನ್ಯವಾಗಿ ಮಾಂಸದ ಅಡುಗೆಯೇ ಹೆಚ್ಚು, ಬೋರ್ಶ್ ಸೂಪಿಗೂ ಬಹಳ ಕಡೆ ಮಾಂಸ ಬೇಯಿಸಿದ ನೀರೇ. ಬಿಸಿನೀರು ಹಾಕುವ ಕಪ್ ನೂಡಲ್ಸ್‌ನ ಮಸಾಲೆಪುಡಿಯಲ್ಲೂ ಹೆಚ್ಚಾಗಿ ಮಾಂಸದ ಅಂಶವಿರುತ್ತದೆ. 'ಬ್ಯೆಜ್ ಮ್ಯಾಸ' ಅಂದರೆ ಮಾಂಸವಿಲ್ಲದ್ದು, ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಪ್ಲಾಟ್‌ಫಾರ್ಮಿನಲ್ಲಿ ಸಿಗುವ ಪಿರೊಷ್ಕಿ ಕಡುಬಿನಂಥ ತಿಂಡಿ. ಒಳಗಿನ ಹೂರಣ ಕೇಳಿಯೇ ಕೊಳ್ಳಿ. 'ಕರ್ತೋಷ್ಕ' ಅಂದರೆ ಆಲೂಗಡ್ಡೆ, 'ಕಪೂಸ್ತ' ಎಲೆಕೋಸು. ಎಲೆಕೋಸಿನ ಜೊತೆ ಕೆಲವೊಮ್ಮೆ ಮೊಟ್ಟೆ ಸೇರಿಸುತ್ತಾರೆ, ಹಿಟ್ಟಿಗೂ ಹಾಕುವುದುಂಟು. ಹಾಗಾಗಿ 'ಯೈತ್ಸೊ', ಅಂದರೆ ಮೊಟ್ಟೆ, ಇದೆಯೇ ಎಂದೂ ಕೇಳಬೇಕು. ಮಜ್ಜಿಗೆ ಇಲ್ಲದೆ ಊಟ ಸೇರದವರಿಗೆ ಅಂಗಡಿಗಳಲ್ಲಿ ಸಿಗುವ ಕೆಫಿರ್ ಇದೆ. ಗಟ್ಟಿ ಹುಳಿಮಜ್ಜಿಗೆಯಂತೆಯೇ ಇರುತ್ತದೆ, ಉಪ್ಪು ಬೆರೆಸಿದರೆ ಇನ್ನೂ ಹತ್ತಿರ.

ಪ್ರಶ್ನೆ: ನಿಲ್ದಾಣದಲ್ಲಿ ಇಳಿದು ಕೊಳ್ಳುವಷ್ಟು ಸಮಯ ಸಿಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ನೊವೊಸಿಬಿರ್ಸ್ಕ್, ಇರ್ಕುತ್ಸ್ಕ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ಸಿಗುತ್ತದೆ. ಎಲ್ಲೆಲ್ಲಿ ಎಷ್ಟು ನಿಮಿಷ ನಿಲುಗಡೆ ಎಂಬ ಪಟ್ಟಿ ಬೋಗಿಯಲ್ಲೇ ತೂಗುಹಾಕಿರುತ್ತದೆ. ಆದರೆ ರೈಲು ತಡವಾಗಿದ್ದರೆ ನಿಲುಗಡೆ ಮೊಟಕಾಗುತ್ತದೆ, ಇಳಿಯುವ ಮುಂಚೆ ಬೋಗಿಯ ಸಹಾಯಕಿಯನ್ನು ಕೇಳಿ. ಕೈಯಲ್ಲಿ ರೂಬಲ್ ನೋಟುಗಳಿರಲಿ: 2022ರ ಮಾರ್ಚ್‌ನಿಂದ ಹೊರದೇಶದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ಮಾಸ್ಕೋಗೂ ವ್ಲಾಡಿವೊಸ್ಟಾಕ್‌ಗೂ ಗಡಿಯಾರ ಏಳು ತಾಸು ವ್ಯತ್ಯಾಸ, ದಿನಕ್ಕೆ ಸುಮಾರು ಒಂದು ತಾಸು ಕಳೆಯುತ್ತದೆ. ಊಟವನ್ನೂ ದಿನಾ ಅಷ್ಟು ಮುಂಚೆ ಮಾಡುತ್ತ ಬನ್ನಿ.