ಜಪಾನಿನ ಡಿಸೈನರ್ ಶಿರೊ ಕುರಾಮಾಟ ಹೆಚ್ಚಾಗಿ ಮಾಡಿದ್ದು ಅಂಗಡಿಗಳ ಒಳಾಂಗಣವನ್ನು, ಹಾಗಾದರೆ ಎಲ್ಲರೂ ಅವರ ಕುರ್ಚಿಗಳನ್ನೇ ಯಾಕೆ ತೋರಿಸುತ್ತಾರೆ?

ಉತ್ತರ ಒಂದೇ ಮಾತಲ್ಲಿ ಹೇಳಬಹುದು: ಅಂಗಡಿಗಳು ಉಳಿಯಲಿಲ್ಲ. ಬಾಡಿಗೆ ಜಾಗ ಅಲ್ವಾ, ವ್ಯಾಪಾರ ಮುಗಿದರೆ ಒಳಗಿನದೆಲ್ಲ ಕಿತ್ತು ಹಾಕುತ್ತಾರೆ. ನಾನೂ ಅಂಗಡಿಗಳ ಒಳಾಂಗಣ ಮಾಡುವವನು. ಎರಡು ವರ್ಷ ಕಷ್ಟಪಟ್ಟು ಮಾಡಿದ್ದು ಒಂದು ಮಧ್ಯಾಹ್ನದಲ್ಲಿ ಲಾರಿ ಹತ್ತಿದ್ದನ್ನು ನೋಡಿದ್ದೇನೆ. ಅದಕ್ಕೇ ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು.

ಕುರಾಮಾಟ 1934ರಲ್ಲಿ ಟೋಕಿಯೊದಲ್ಲಿ ಹುಟ್ಟಿದರು. ಮೊದಲು ಕಲಿತದ್ದು ಮರಗೆಲಸ, ಆಮೇಲೆ ಕುವಾಸಾವಾ ಡಿಸೈನ್ ಶಾಲೆ. ಟೋಕಿಯೊದ ಗಿಂಜಾ ಬಡಾವಣೆಯ ಸಾನ್-ಐ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ, 1965ರಲ್ಲಿ ಸ್ವಂತ ಆಫೀಸು ತೆರೆದರು. ಫ್ಯಾಷನ್ ಡಿಸೈನರ್ ಇಸ್ಸೆ ಮಿಯಾಕೆಯ ಬಟ್ಟೆ ಅಂಗಡಿಗಳು, ಬಾರ್‌ಗಳು, ಹೋಟೆಲುಗಳು ಅಂತ ಕೊನೆಯವರೆಗೂ ಮಾಡಿದರು. ಎಂಬತ್ತರ ದಶಕದಲ್ಲಿ ಇಟಲಿಯ ಮೆಂಫಿಸ್ ಎಂಬ ಡಿಸೈನರ್‌ಗಳ ಗುಂಪಿನ ಜೊತೆಗೂ ಸೇರಿದ್ದರು.

ಆದರೆ ಅವರ ಕುರ್ಚಿಗಳನ್ನು ಅಂಗಡಿಗಳಿಂದ ಬೇರೆ ಮಾಡಿ ನೋಡಬೇಡಿ. ಜಾಗದ ಭಾರ ಇಳಿಸುವುದು ಹೇಗೆ ಅನ್ನುವ ಒಂದೇ ಯೋಚನೆ ಎರಡರಲ್ಲೂ ಇದೆ. 1976ರ ಗಾಜಿನ ಕುರ್ಚಿಗೆ ಫ್ರೇಮ್ ಇಲ್ಲ, ಸ್ಕ್ರೂ ಇಲ್ಲ. ಗಾಜಿಗೆ ಗಾಜು ಅಂಟಿಸಿದ್ದು, ಅಷ್ಟೇ. 1986ರ 'ಹೌ ಹೈ ದ ಮೂನ್' ಅನ್ನುವ ಸೋಫಾ ಕುರ್ಚಿ ನೋಡಿ. ನಮ್ಮಲ್ಲಿ ಕಿಟಕಿಗೆ ಹೊಡೆಯುತ್ತೇವಲ್ಲ, ಆ ಥರದ್ದೇ ಕಬ್ಬಿಣದ ಜಾಲರಿ. ಅದಕ್ಕೆ ನಿಕಲ್ ಲೇಪ ಕೊಟ್ಟಿದ್ದಾರೆ. ಆಕಾರ ಮಾತ್ರ ಮೆತ್ತನೆಯ ದಪ್ಪ ಸೋಫಾದ್ದು! ಒಳಗೆ ದಿಂಬೂ ಇಲ್ಲ, ಚೌಕಟ್ಟೂ ಇಲ್ಲ, ಬರೀ ಗಾಳಿ.

1988ರ 'ಮಿಸ್ ಬ್ಲಾಂಚ್' ಅನ್ನುವ ಕುರ್ಚಿ ನನಗೆ ಎಲ್ಲಕ್ಕಿಂತ ಇಷ್ಟ. ಗಾಜಿನ ಹಾಗೆ ಆಚೆ ಕಾಣುವ ಪ್ಲಾಸ್ಟಿಕ್, ಅಂದರೆ ದಪ್ಪ ಅಕ್ರಿಲಿಕ್ ಒಳಗೆ ಕೆಂಪು ಗುಲಾಬಿಗಳು ಅಲ್ಲಲ್ಲೇ ನಿಂತಿವೆ, ನೀರಲ್ಲಿ ತೇಲುತ್ತಾ ಗಕ್ಕನೆ ನಿಂತ ಹಾಗೆ. ಅವು ನಿಜವಾದ ಹೂವಲ್ಲ, ಕೃತಕ ಹೂವು. ಬೆಳಕು ಬಿದ್ದರೆ ಅಕ್ರಿಲಿಕ್ ಇರುವುದೇ ಮರೆತುಹೋಗುತ್ತದೆ, ಹೂವಿನ ನೆರಳು ಮಾತ್ರ ನೆಲದ ಮೇಲೆ ಕಾಣುತ್ತದೆ. ಕುರ್ಚಿಯೇ ಒಂದು ಕೋಣೆ ಆಗುವುದು ಹೀಗೆ.

ಮೂರೇ ವರ್ಷಕ್ಕೆ, 1991ರಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 56.

ಒಂದು ಸಮಾಧಾನ ಇದೆ. 1988ರಲ್ಲೇ ಟೋಕಿಯೊದ ಶಿಂಬಾಶಿಯಲ್ಲಿ ಅವರು ಮಾಡಿದ್ದ ಕಿಯೊಟೊಮೊ ಎಂಬ ಸುಶಿ ಬಾರ್ (ಜಪಾನಿ ತಿನಿಸು ಸುಶಿಯ ಚಿಕ್ಕ ಹೋಟೆಲು) ಅನ್ನು ಹಾಂಕಾಂಗ್‌ನ ಎಂ ಪ್ಲಸ್ ಮ್ಯೂಸಿಯಂ ಕೊಂಡು, ಪೂರ್ತಿ ಬಿಚ್ಚಿ ತಂದು, ಮತ್ತೆ ಜೋಡಿಸಿ ಇಟ್ಟಿದೆ. ಆ ಕಡೆ ಹೋದರೆ ಕುರ್ಚಿಗಳನ್ನು ಆಮೇಲೆ ನೋಡಿ, ಮೊದಲು ಅಲ್ಲಿಗೆ ಹೋಗಿ.