ಹಳೇ ಶಾಕ್ ಇಟ್ಟುಕೊಂಡು ಹೊಸ ಫ್ರೇಮ್ ಹುಡುಕುವ ಮುಂಚೆ

ಪ್ರಶ್ನೆ: ನನ್ನದು 26 ಇಂಚಿನ ಚಕ್ರದ ಹಳೇ ಡೌನ್‌ಹಿಲ್ ಸೈಕಲ್, ಅಲ್ಯೂಮಿನಿಯಂ ಫ್ರೇಮ್. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿದೆ. ಫೋರ್ಕ್, ಚಕ್ರ, ಕ್ರ್ಯಾಂಕ್, ಕಾಯಿಲ್ ಶಾಕ್ (ಹಿಂದಿನ ಪೆಟ್ಟು ತಡೆಯುವ ಸ್ಪ್ರಿಂಗಿನ ಶಾಕ್) ಎಲ್ಲ ಚೆನ್ನಾಗಿವೆ. ಬಿರುಕಿಗೆ ಬೆಸುಗೆ ಹಾಕಿಸಿದರೆ ಆಗುತ್ತಾ? ಇಲ್ಲ ಅಂದರೆ ಬರೀ ಫ್ರೇಮ್ ತಗೊಂಡು ಉಳಿದದ್ದನ್ನೆಲ್ಲ ಅದಕ್ಕೇ ಕೂರಿಸಬಹುದಾ? ಎರಡು ಫ್ರೇಮ್ ನೋಡಿಟ್ಟಿದ್ದೇನೆ. ಒಂದು ಸೆಕೆಂಡ್ ಹ್ಯಾಂಡ್ ಕಾರ್ಬನ್, ಎರಡೂ ಕಡೆ 29 ಇಂಚು. ಇನ್ನೊಂದು ಹೊಸ ಅಲ್ಯೂಮಿನಿಯಂ, ಮುಂದೆ 29, ಹಿಂದೆ 27.5. ನನ್ನ ಎತ್ತರ 175 ಸೆಂ.ಮೀ.

ಉತ್ತರ: ಬೆಸುಗೆ ಬೇಡ. ಇಂಥ ಫ್ರೇಮ್‌ಗಳನ್ನು ಸಾಮಾನ್ಯವಾಗಿ ಬೆಸುಗೆ ಹಾಕಿದ ಮೇಲೆ ಕುಲುಮೆಯಲ್ಲಿಟ್ಟು ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಮತ್ತೆ ಬೆಸುಗೆ ತಾಗಿಸಿದರೆ ಆ ಜಾಗದ ಸುತ್ತ ಲೋಹ ಮೆತ್ತಗಾಗುತ್ತದೆ. ಪೇಟೆಗೆ ಹೋಗಿ ಬರುವ ಸೈಕಲ್ ಆಗಿದ್ದರೆ ನೋಡೋಣ ಅನ್ನುತ್ತಿದ್ದೆ. ಕಲ್ಲಿನ ಇಳಿಜಾರಲ್ಲಿ ಹಾರಿಸುವ ಸೈಕಲ್‌ಗೆ ಈ ಸಾಹಸ ಮಾಡಬೇಡಿ.

ಇನ್ನು ಹಳೇ ಸಾಮಾನು. ಬೇಜಾರಾಗಬೇಡಿ, ನೀವು ಅಂದುಕೊಂಡಷ್ಟು ಉಳಿಯುವುದಿಲ್ಲ.

ಮೊದಲು ಶಾಕ್ ಬಿಚ್ಚಿ ಅಳೆಯಿರಿ. ಒಂದು ಬೋಲ್ಟ್ ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟಿದೆ, ಶಾಕ್ ಎಷ್ಟು ಒತ್ತಿಕೊಳ್ಳುತ್ತದೆ, ಎರಡೂ ಬೇಕು. ಆ ಕಾಲದ ಡೌನ್‌ಹಿಲ್ ಶಾಕ್‌ಗಳು ಹೆಚ್ಚಾಗಿ 241×76 ಅಥವಾ 267×89 ಮಿ.ಮೀ. ಈಗಿನ ಫ್ರೇಮ್‌ಗಳು ಸಾಮಾನ್ಯವಾಗಿ ಕೇಳುವುದು 250×75 ಅಥವಾ 225×75. ಅಂದರೆ ಕೂರುವುದಿಲ್ಲ. ಸ್ಪ್ರಿಂಗ್ ಒಂದನ್ನಾದರೂ ಉಳಿಸಿಕೊಳ್ಳೋಣ ಅಂದರೆ ಅದೂ ಕಷ್ಟ. ಹಿಂದಿನ ಚಕ್ರ 200 ಮಿ.ಮೀ. ಏರಲು ಶಾಕ್ 89 ಒತ್ತಿಕೊಂಡರೆ ಅನುಪಾತ ಸುಮಾರು 2.25. ಅದೇ 75 ಒತ್ತಿಕೊಂಡರೆ 2.7 ಹತ್ತಿರ. ಅನುಪಾತ ಜಾಸ್ತಿ ಆದಷ್ಟೂ ಅದೇ ಸವಾರನಿಗೆ ಗಟ್ಟಿ ಸ್ಪ್ರಿಂಗ್ ಬೇಕು. ನಿಮ್ಮ ಹಳೇ ಸ್ಪ್ರಿಂಗ್ ಹೊಸ ಫ್ರೇಮ್‌ನಲ್ಲಿ ನೀವು ಕೂತ ಕೂಡಲೇ ಕುಸಿಯಬಹುದು. ಪೆಡಲ್ ಮೇಲೆ ಸುಮ್ನೆ ನಿಂತಾಗ ಶಾಕ್ ಸುಮಾರು 30 ಶೇಕಡಾ ಇಳಿದರೆ ಸರಿ, ಅರ್ಧಕ್ಕೆ ಬಂದರೆ ಪ್ರತಿ ನೆಗೆತಕ್ಕೂ ತಳ ಬಡಿಯುತ್ತದೆ.

26ರ ಫೋರ್ಕ್‌ನೊಳಗೆ 29ರ ಚಕ್ರ ಹಿಡಿಸುವುದಿಲ್ಲ. ಹಿಂದಿನ ಹಬ್ (ಚಕ್ರದ ನಡುಭಾಗ) ಅಗಲ 150 ಮಿ.ಮೀ. ಆಗಿದ್ದರೆ ಒಂದು ಆಸೆ ಇದೆ. ಬಹಳಷ್ಟು ಹಬ್‌ಗಳು ತುದಿಯ ಕ್ಯಾಪ್ ಬದಲಿಸಿದರೆ 157 ಮಿ.ಮೀ. ಫ್ರೇಮ್‌ಗೆ ಕೂರುತ್ತವೆ, ಆಗ 27.5ರ ರಿಮ್‌ಗೆ ಹೊಸ ಕಡ್ಡಿ ಹಾಕಿಸಬಹುದು. ಕ್ರ್ಯಾಂಕ್‌ಗೆ ಬಾಟಮ್ ಬ್ರಾಕೆಟ್ (ಫ್ರೇಮ್‌ನಲ್ಲಿ ಕ್ರ್ಯಾಂಕ್ ತಿರುಗುವ ಜಾಗ) ಅಗಲ ನೋಡಿ, 83 ಮತ್ತು 73 ಮಿ.ಮೀ. ಎರಡೂ ಚಾಲ್ತಿಯಲ್ಲಿವೆ. ಬ್ರೇಕ್, ಹ್ಯಾಂಡಲ್, ಪೆಡಲ್, ಸೀಟು ನಿಶ್ಚಿಂತೆಯಾಗಿ ಬರುತ್ತವೆ.

ಹಾಗಾಗಿ ಫ್ರೇಮ್, ಫೋರ್ಕ್, ಚಕ್ರ ಬಿಡಿಬಿಡಿಯಾಗಿ ಕೂಡಿಸಿದರೆ ಎಷ್ಟಾಗುತ್ತದೆ, ಪೂರ್ತಿ ಸೈಕಲ್ ತಗೊಂಡರೆ ಎಷ್ಟಾಗುತ್ತದೆ, ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ನೋಡಿ. ಎಷ್ಟೋ ಸಲ ಪೂರ್ತಿ ಸೈಕಲ್ಲೇ ಅಗ್ಗವಾಗುತ್ತದೆ.

ಎರಡರಲ್ಲಿ ಯಾವುದು? ನಾನಾದರೆ ಹೊಸ ಅಲ್ಯೂಮಿನಿಯಂ. ಡೌನ್‌ಹಿಲ್‌ನಲ್ಲಿ ಬೀಳುವುದು ಇದ್ದದ್ದೇ, ಕಲ್ಲು ಸಿಡಿಯುವುದೂ ಇದ್ದದ್ದೇ. ಅಲ್ಯೂಮಿನಿಯಂ ನೆಗ್ಗಿದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಗಟ್ಟಿಯಿಲ್ಲ ಅಂತ ಅಲ್ಲ, ಆದರೆ ಬೇರೆಯವರು ಓಡಿಸಿದ ಕಾರ್ಬನ್ನಿನ ಒಳಗೆ ಏನಾಗಿದೆ ಅಂತ ಹೇಳುವುದು ಕಷ್ಟ. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಡೌನ್‌ಟ್ಯೂಬ್ (ಫ್ರೇಮ್‌ನ ಕೆಳಗಿನ ಕೊಳವೆ) ಕೆಳಗೆ ಹೊಸದಾಗಿ ಅಂಟಿಸಿದ್ದ ಸ್ಟಿಕ್ಕರ್ ಚೆನ್ನಾಗಿದೆ ಅಂದುಕೊಂಡು ಮನೆಗೆ ತಂದೆ. ತೊಳೆಯುವಾಗ ಅದರ ಅಂಚು ಎದ್ದಿತು. ಕೆಳಗೆ ಬೆರಳುದ್ದದ ಬಿರುಕು. ನೀವು ಆ ಕಾರ್ಬನ್ ಫ್ರೇಮನ್ನೇ ನೋಡಲು ಹೋಗುವುದಾದರೆ ಶಾಕ್ ಬಿಚ್ಚಿಸಿ, ಹಿಂಬದಿಯನ್ನು ಕೈಯಲ್ಲಿ ಎತ್ತಿ ಇಳಿಸಿ, ಅಡ್ಡಡ್ಡ ಅಲ್ಲಾಡಿಸಿ. ಟಕಟಕ ಅಂದರೆ ಬೇರಿಂಗ್ ಹೋಗಿದೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದೇ ಜಾಗದಲ್ಲಿ ಸದ್ದು ಮಂಕಾದರೆ ಅಲ್ಲಿಗೆ ಬಿಟ್ಟು ಬನ್ನಿ.

ಸೈಜಿನ ವಿಷಯದಲ್ಲಿ ಎಂ, ಎಲ್ ಅಕ್ಷರ ನಂಬಬೇಡಿ. ಒಬ್ಬರ ಎಂ ಇನ್ನೊಬ್ಬರ ಎಲ್ ಆಗಿರುತ್ತದೆ. ಇಳಿಯುವಾಗ ನೀವು ನಿಂತೇ ಇರುತ್ತೀರಿ, ಆದ್ದರಿಂದ ಸೀಟ್ ಟ್ಯೂಬ್ ಉದ್ದಕ್ಕಿಂತ ರೀಚ್ ಮುಖ್ಯ, ಅಂದರೆ ಬಾಟಮ್ ಬ್ರಾಕೆಟ್‌ನಿಂದ ಹೆಡ್ ಟ್ಯೂಬ್ (ಫೋರ್ಕ್ ಕೂರುವ ಮುಂದಿನ ಕೊಳವೆ) ಮೇಲ್ತುದಿಗೆ ಇರುವ ಅಡ್ಡ ದೂರ. ಹಳೇ ಸೈಕಲ್ಲಿನ ರೀಚ್ ಮನೆಯಲ್ಲೇ ಸಿಗುತ್ತದೆ. ಮುಂದಿನ ಟೈರನ್ನು ಗೋಡೆಗೆ ತಾಗಿಸಿ ಸೈಕಲ್ ನೆಟ್ಟಗೆ ನಿಲ್ಲಿಸಿ. ಗೋಡೆಯಿಂದ ಬಾಟಮ್ ಬ್ರಾಕೆಟ್ ನಡುವಿಗೆ ಅಳೆಯಿರಿ, ಆಮೇಲೆ ಗೋಡೆಯಿಂದ ಹೆಡ್ ಟ್ಯೂಬ್ ಮೇಲ್ತುದಿಯ ನಡುವಿಗೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ರೀಚ್. ನಿಮ್ಮ ಎತ್ತರಕ್ಕೆ ನಾನು 445ರಿಂದ 465 ಮಿ.ಮೀ. ಒಳಗೆ ಹುಡುಕುತ್ತೇನೆ. ಹಳೆಯದು ತೀರಾ ಗಿಡ್ಡ ಇದ್ದರೆ 445ರ ಕಡೆಗೇ ಇರಿ. ಒಂದೇ ಸಲಕ್ಕೆ ಜಾಸ್ತಿ ಉದ್ದ ಮಾಡಿಕೊಂಡರೆ ಬಿಗಿ ತಿರುವಲ್ಲಿ ದೋಣಿ ತಿರುಗಿಸಿದ ಹಾಗಾಗುತ್ತದೆ.

ಚಕ್ರದ ಬಗ್ಗೆ ಒಂದೇ ಮಾತು. 2017ರಲ್ಲಿ ವಿಶ್ವಕಪ್ ಡೌನ್‌ಹಿಲ್‌ಗೆ 29 ಇಂಚು ಬಂದು ವೇಗ ತೋರಿಸಿತು, ನಿಜ. ಆದರೆ ಕಡಿದಾದ ಜಾಗದಲ್ಲಿ ಹಿಂದಕ್ಕೆ ಬಾಗಿದಾಗ ಹಿಂದಿನ 29ರ ಟೈರ್ ಕೆಲವರ ಪೃಷ್ಠಕ್ಕೆ ಉಜ್ಜುತ್ತದೆ. ನಿಮ್ಮ ಎತ್ತರಕ್ಕೆ ಹಿಂದೆ 27.5 ಹಗುರಾಗಿ ತಿರುಗುತ್ತದೆ. ಬರೀ 29ಕ್ಕೆ ಮಾಡಿದ ಫ್ರೇಮ್‌ಗೆ ಮಾತ್ರ 27.5 ತುರುಕಬೇಡಿ. ಹಿಂದಿನ ಆ್ಯಕ್ಸೆಲ್ 19 ಮಿ.ಮೀ. ಇಳಿಯುತ್ತದೆ, ಹೆಡ್ ಆ್ಯಂಗಲ್ (ಹೆಡ್ ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಮಲಗುತ್ತದೆ, ಪೆಡಲ್ ಕಲ್ಲಿಗೆ ಬಡಿಯಲು ಶುರುವಾಗುತ್ತದೆ.

ಪ್ರಶ್ನೆ: ಹೈ ಪಿವಟ್ ಫ್ರೇಮ್ ಅಂತ ಎಲ್ಲರೂ ಹೇಳ್ತಾರೆ. ನಿಜಕ್ಕೂ ಬೇಕಾ?

ಉತ್ತರ: ನಿಮ್ಮ ಟ್ರೇಲಿನ ತುಂಬ ಚೌಕ ಮೂಲೆಯ ಕಲ್ಲುಗಳಿದ್ದರೆ ಬೇಕು. ಇದರಲ್ಲಿ ಸ್ವಿಂಗ್‌ಆರ್ಮ್ ತಿರುಗುವ ಕೀಲು, ಅಂದರೆ ಪಿವಟ್, ಎತ್ತರದಲ್ಲಿರುತ್ತದೆ. ಹಾಗಾಗಿ ಕಲ್ಲು ತಾಗಿದಾಗ ಹಿಂದಿನ ಚಕ್ರ ಮೇಲಕ್ಕೆ ಮಾತ್ರ ಅಲ್ಲ, ಹಿಂದಕ್ಕೂ ಸರಿಯುತ್ತದೆ. ಅದಕ್ಕೇ ತಡೆದು ನಿಲ್ಲಿಸಿದ ಹಾಗೆ ಅನ್ನಿಸುವುದಿಲ್ಲ. ಚೈನ್ ಎಳೆತ ಹದದಲ್ಲಿಡಲು ಪಿವಟ್ ಹತ್ತಿರ ಒಂದು ಐಡ್ಲರ್ (ಚೈನ್ ಹಾದುಹೋಗುವ ಪುಟ್ಟ ಹಲ್ಲಿನ ಚಕ್ರ) ಇರುತ್ತದೆ. ಅದು ಸವೆಯುತ್ತದೆ, ಕೆಸರು ತಿಂದರೆ ಕರಕರ ಅನ್ನುತ್ತದೆ. ಓಡಿಸಿದ ದಿನವೇ ಚೈನ್ ತೊಳೆದು ಎಣ್ಣೆ ಬಿಡುವ ಅಭ್ಯಾಸ ಇಲ್ಲದಿದ್ದರೆ ಸಾದಾ ಪಿವಟ್ ತಗೊಳ್ಳಿ.