ಲಾ ಓದೋರಿಗೆ ಗ್ರಾಮಸಭೆ ಯಾಕೆ?

ಕುಮಟಾದ ಓದುಗರಿಗೆ ನಮಸ್ಕಾರ. ಲಾ ವಿದ್ಯಾರ್ಥಿಗಳು ಗ್ರಾಮಸಭೆಗೆ ಹೋಗ್ಲಿ ಅಂತ ಹೋದ ಸಂಚಿಕೇಲಿ ಬರ್ದಿದ್ದಕ್ಕೆ ನೀವು, 'ಮಗಳನ್ನ ಐದು ವರ್ಷದ ಕೋರ್ಸಿಗೆ ಸೇರ್ಸಿದ್ದು ವಕೀಲಿ ಕಲೀಲಿ ಅಂತ, ರಾಜಕೀಯ ಮಾಡ್ಲಿ ಅಂತಲ್ಲ' ಅಂದಿದೀರಿ. ಪಕ್ಷದ ಬಾವುಟ ಹಿಡ್ದು ಕ್ಲಾಸ್ ಬಂದ್ ಮಾಡ್ಸೋದು ನಂಗೂ ಆಗಿಬರೋದಿಲ್ಲ, ಆ ಸಿಟ್ಟು ಸರಿಯೇ. ಆದ್ರೆ ಗ್ರಾಮಸಭೆ ಅದಲ್ಲ ಮಾರಾಯ್ರೆ.

ನಮ್ಮ ಉತ್ತರ ಕನ್ನಡ ಜಿಲ್ಲೇಲಿ ಗೇಣಿದಾರರ ಹೋರಾಟ ಕಟ್ಟಿದ ದಿನಕರ ದೇಸಾಯರು ಓದಿದ್ದು ಕಾನೂನೇ. ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿದಾರರು ಉಳೋ ಭೂಮಿ ತಮಗೇ ಸಿಗ್ಲಿ ಅಂತ ಡಿಕ್ಲರೇಶನ್ (ಅರ್ಜಿ) ಹಾಕಿ ಭೂ ಟ್ರಿಬ್ಯುನಲ್ ಮುಂದೆ ನಿಂತಾಗ ಅಲ್ಲಿ ವಕೀಲರು ವಾದ ಮಾಡೋ ಹಾಗೇ ಇರ್ಲಿಲ್ಲ (ಆ ನಿಷೇಧ ಸುಪ್ರೀಂ ಕೋರ್ಟಲ್ಲಿ ಬಿದ್ದೋಗಿದ್ದು 1987ರಲ್ಲಿ), ಅಕ್ಷರ ಬರ್ದೇ ಇರೋರು ತಮ್ಮ ಕೇಸು ತಾವೇ ಹೇಳ್ಕೋಬೇಕಿತ್ತು. ಕಾನೂನು ಓದಿದೋರು ಕೋರ್ಟಿನ ಹೊರಗೂ ಬೇಕು ಅನ್ನೋದು ಇಂಥ ಕಡೇನೇ.

ಈಗ ಅರಣ್ಯ ಹಕ್ಕು ಕಾಯ್ದೆ ತಗೊಳ್ಳಿ. 2006ರದ್ದು, ಕಾಡಲ್ಲಿ ಬದುಕಿರೋರಿಗೆ ಆ ಜಾಗದ ಹಕ್ಕು ಕೊಡೋಕೆ ಮಾಡಿದ್ದು. ಪರಿಶಿಷ್ಟ ಪಂಗಡಕ್ಕೆ ಸೇರದೇ ಇರೋರು ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲೇ ಇದ್ದು ಕಾಡನ್ನ ನಂಬಿ ಬದುಕಿದ್ದು ತೋರಿಸ್ಬೇಕು, ಅಷ್ಟು ಹಳೇ ಕಾಗದ ಶಿರಸಿ-ಸಿದ್ದಾಪುರದ ಯಾವ ಅತಿಕ್ರಮಣದಾರನ ಟ್ರಂಕಲ್ಲಿ ಇರತ್ತೆ ಹೇಳಿ? ಆದ್ರೆ ಅದೇ ಕಾಯ್ದೆಯ 13ನೇ ನಿಯಮ ಓದಿ ನೋಡಿ, ಹಳೇ ಬಾವಿ, ಸ್ಮಶಾನ, ದೇವರ ಜಾಗ ಎಲ್ಲಾ ಸಾಕ್ಷ್ಯ ಆಗತ್ತೆ, ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನ ಬರ್ಕೊಂಡ್ರೆ ಅದೂ ಸಾಕ್ಷ್ಯವೇ. ಪಕ್ಕದ ಮನೆ ಅಜ್ಜಿ 'ನಾ ಮದುವೆಯಾಗಿ ಬಂದಾಗ್ಲೇ ಆ ಬಾವಿ ಇತ್ತು ತಮಾ, ನೀರು ಸೇದಿದ್ದು ನಾನೇ' ಅಂದ್ರೆ ಅದನ್ನ ಸರಿಯಾಗಿ ಬರ್ಕೊಂಡು ಹೆಬ್ಬೆಟ್ಟು ಒತ್ತಿಸ್ಕೊಳ್ಳೋಕೆ ಒಬ್ರು ಬೇಕಲ್ವಾ? ಅರ್ಜಿ ಮೊದಲು ಬರೋದು ಗ್ರಾಮಸಭೆಗೆ, ಆಮೇಲೆ ಎಸಿ ಕಮಿಟಿ, ಕೊನೆಗೆ ಡಿಸಿ ಕಮಿಟಿ. ಬುಡದಲ್ಲೇ ಬರ್ದಿದ್ದು ಅಡ್ಡಾದಿಡ್ಡಿ ಆದ್ರೆ ಮೇಲೆ ಹೋದ್ಮೇಲೆ ಎಂಥ ವಕೀಲರಿದ್ರೂ ಕಷ್ಟ.

ಮತ್ತೊಂದು ವಿಷ್ಯ. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಕಡ್ಡಾಯ, ಎಲ್ಲೆಲ್ಲಿ ಮಾಡಬಹುದು ಅನ್ನೋ ಪಟ್ಟೀಲಿ ಸ್ಥಳೀಯ ಸಂಸ್ಥೆಗಳ ಹೆಸರೂ ಇದೆ, ಶಾಸನಸಭೆನೂ ಇದೆ. ಎಲ್ರೂ ಬೆಂಗಳೂರಿನ ದೊಡ್ಡ ಲಾ ಫರ್ಮಿನ ಝೆರಾಕ್ಸ್ ಮಷಿನ್ ಹತ್ರ ನಿಲ್ಲೋಕೇ ಓಡ್ತಾರೆ, ಅದು ಬೇರೆ ಮಾತು. ವಕೀಲರ ಹತ್ರನೂ ಒಂದ್ಸಲ ಮಾಡ್ಲೇಬೇಕು, ಅದನ್ನ ತಪ್ಪಿಸೋ ಹಾಗಿಲ್ಲ. ಉಳಿದಿದ್ರಲ್ಲಿ ಎರಡು ವಾರ ಮಗಳನ್ನ ನಿಮ್ಮೂರ ಪಂಚಾಯ್ತಿಗೆ ಕಳ್ಸಿ, ಪಿಡಿಓ ಹತ್ರ ಮೊದಲೇ ಮಾತಾಡಿ ಕಾಲೇಜಿಂದ ಒಂದು ಲೆಟರ್ ಮಾಡಿಸ್ಕೊಳ್ಳಿ.

- ಸಂ.